ನಲವತ್ತು ಕುರಿ, ಒಂದು ಮೀಸೆ

ಕರೇಕಲ್ಲಹಟ್ಟಿಯ ಮುದ್ದಪ್ಪನಿಗೆ ಆ ಮೀಸೆಯೊಂದು ಇಲ್ಲದೇ ಹೋಗಿದ್ದರೆ, ಎಪ್ಪತ್ತೆಂಟನೇ ಇಸವಿಯ ಡಿಸೆಂಬರ್ ಚಳಿಯಲ್ಲಿ ನಲವತ್ತು ಕುರಿಗಳು ಬರಿಮೈಯಲ್ಲಿ ನಡುಗುತ್ತ ನಿಲ್ಲಬೇಕಾಗಿರಲಿಲ್ಲ.

ಮೀಸೆ ಎಂದರೆ ಅಂತಿಂಥ ಮೀಸೆಯಲ್ಲ. ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಮುದ್ದಪ್ಪ ನಡೆದು ಬಂದರೆ ಮೊದಲು ಮೀಸೆ ಕಾಣುತ್ತಿತ್ತು. ಒಂದು ಬೀಡಿ ಸೇದಿ ಮುಗಿಸಿದ ಮೇಲೆ ಮುದ್ದಪ್ಪ ಕಾಣುತ್ತಿದ್ದ. ಬಸ್ಸಿನಲ್ಲಿ ಅವನು ನಡುಸೀಟಿಗೆ ಕೂತರೆ ಅಕ್ಕಪಕ್ಕದ ಇಬ್ಬರು ಶಿರಾ ಬರುವ ತನಕ ಕುತ್ತಿಗೆ ಬಾಗಿಸಿಕೊಂಡು ಕೂರಬೇಕಾಗಿತ್ತು. ತಲೆಯಲ್ಲಿ ಮಾತ್ರ ಒಂದು ಕೂದಲೂ ಇರಲಿಲ್ಲ. ಇದ್ದಬದ್ದ ಕೂದಲೆಲ್ಲ ಇಪ್ಪತ್ತೈದನೇ ವಯಸ್ಸಿಗೇ ಮೂಗಿನ ಕೆಳಕ್ಕೆ ವಲಸೆ ಬಂದು ಅಲ್ಲೇ ಮನೆ ಮಾಡಿಕೊಂಡಿತ್ತು ಎಂದು ಹಟ್ಟಿಯವರು ಹೇಳುತ್ತಿದ್ದರು.

ಅವನ ಸ್ವಂತ ಆಸ್ತಿ ಎಂದರೆ ಅದೊಂದೇ. ರೊಪ್ಪದ ಬೇಲಿಯೊಳಗಿದ್ದ ನಲವತ್ತು ಕುರಿಗಳೂ ಹೆಂಡತಿ ಕ್ಯಾತಮ್ಮ ಪುರವರದ ತವರಿನಿಂದ ಹೊಡೆದುಕೊಂಡು ಬಂದ ಕುರಿಗಳು. ಅವುಗಳಿಗೆ ಮುದ್ದಪ್ಪನ ಮೇಲೆ ಇದ್ದ ಗೌರವವೂ ಅಷ್ಟಕ್ಕಷ್ಟೆ.

ಆ ದಿನ ಬೆಳಗ್ಗೆ ಕ್ಯಾತಮ್ಮ ಹೊಸ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ನೋಡಯ್ಯ, ಅಣ್ಣನ ಮೊಮ್ಮಗಂಗೆ ಹೆಸ್ರಿಡ್ತಾರೆ. ಹೋಗಿ ಸಂಜೆ ಬಸ್ಸಿಗೆ ಬಂದ್ಬುಡ್ತೀನಿ. ಕುರಿಗೆ ನೀರು ತೋರ್ಸು, ಮೇಯಿಸು, ರೊಪ್ಪಕ್ಕೆ ಕೂಡು. ಕತ್ರಿ ಮಾತ್ರ ಮುಟ್ಬ್ಯಾಡ. ಉಣ್ಣೆ ಬಲಿಯಾಕೆ ಇನ್ನೂ ಒಂದ್ ತಿಂಗ್ಳು ಬೇಕು."

"ನಾನ್ಯಾಕೆ ಮುಟ್ಲಿ?"

"ಹೋದ್ ವರ್ಸ ಯಾಕೆ ಮುಟ್ಟಿದ್ದೆ?"

ಮುದ್ದಪ್ಪ ಗೋಡೆಯ ಮೇಲಿನ ಟ್ರಾನ್ಸಿಸ್ಟರಿನ ಕಡೆ ನೋಡದೆ ಇರಲು ಪ್ರಯತ್ನಪಟ್ಟು, ಅದನ್ನೇ ನೋಡಿದ. ಹೋದ ವರ್ಷ ಮೂರು ಕುರಿಗಳ ಉಣ್ಣೆ ಹೆಂಡತಿಗೆ ಗೊತ್ತಿಲ್ಲದಂತೆ ಶಿರಾ ಸಂತೆಗೆ ಹೋಗಿ, ಬರುವಾಗ ಟ್ರಾನ್ಸಿಸ್ಟರಾಗಿ ಬಂದಿತ್ತು.

"ಈ ಸಲ ಒಂದ್ ಎಳೆ ಕಮ್ಮಿಯಾಗ್ಲಿ," ಎಂದಳು ಕ್ಯಾತಮ್ಮ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ಹಟ್ಟಿಯ ನಾಯಿಗಳು ಬಾಲ ಮಡಚಿಕೊಳ್ಳುತ್ತಿದ್ದವು. "ಕುರಿ ಅಷ್ಟನ್ನೂ ಹೊಡ್ಕಂಡು ತವರಿಗೆ ಹೊಂಟೋಯ್ತೀನಿ. ನೀನು ನಿನ್ ಮೀಸೆ ಮೇಯಿಸ್ಕಂಡು ಬಿದ್ದಿರು."

ಪಕ್ಕದ ಮನೆಯ ಭೀಮಕ್ಕ ಗೋಡೆಗೆ ಬೆರಣಿ ತಟ್ಟುವ ನೆಪದಲ್ಲಿ ಕಿವಿಯನ್ನೂ ಗೋಡೆಗೇ ತಟ್ಟಿಕೊಂಡು ನಿಂತಿದ್ದಳು. ಬಸ್ಸು ಕ್ಯಾತಮ್ಮನನ್ನು ಹತ್ತಿಸಿಕೊಂಡು ಗೇರು ಬದಲಾಯಿಸುವಷ್ಟರಲ್ಲಿ ಹಟ್ಟಿಯ ಹಸುಗೂಸಿಗೂ ಈ ವಿಷಯ ಗೊತ್ತಾಗಿತ್ತು.

ಬಸ್ಸಿನ ಧೂಳು ಇಳಿಯುವ ಮೊದಲೇ ಒಂದು ಜೀಪು ಬುಸುಗುಟ್ಟುತ್ತ ಬಂದು ಹಟ್ಟಿಯ ಬೇವಿನ ಮರದ ಕೆಳಗೆ ನಿಂತಿತು. ಅದರ ಮೂತಿಯಿಂದ ಹಬೆ ಏಳುತ್ತಿತ್ತು. ಒಳಗಿದ್ದವನು ಹೆಲ್ಮರ್ ಸಾಹೇಬ. ಯಾವುದೋ ಹಿಮ ಬೀಳುವ ದೇಶದಲ್ಲಿ, ಮನುಷ್ಯರು ಹೇಗೆ ಬದುಕುತ್ತಾರೆ ಎಂಬುದನ್ನು ಓದಿ ದೊಡ್ಡ ಪಂಡಿತನಾಗಿದ್ದವನು. ಹೊರಪ್ರಪಂಚದ ಗಾಳಿಯೇ ಸೋಕದ ಜನಾಂಗವೊಂದರ ಸಾಕ್ಷ್ಯಚಿತ್ರ ತೆಗೆಯಬೇಕೆಂದು ಮೂರು ಸಮುದ್ರ ದಾಟಿ, ಪಾವಗಡದ ಬೆಟ್ಟಗಳ ಹಿಂದೆ ಅಂಥವರು ಇರಬಹುದೆಂದು ಯಾರೋ ಹೇಳಿದ್ದನ್ನು ನಂಬಿ ಹೊರಟಿದ್ದ. ಜೀಪಿನ ಡ್ರೈವರ್ ಶಿರಾದ ಮುನೀರ್ ನೀರು ಕೇಳಲು ಎದುರಿಗಿದ್ದ ಮನೆಯ ಬಾಗಿಲು ತಟ್ಟಿದ.

ಬಾಗಿಲು ತೆರೆಯಿತು. ಮೊದಲು ಮೀಸೆ ಹೊರಬಂತು.

ಸಾಹೇಬ ಜೀಪಿನಲ್ಲಿ ಎದ್ದು ನಿಂತ ರಭಸಕ್ಕೆ ತಲೆ ಟಾಪಿಗೆ ಬಡಿಯಿತು. ಅವನಿಗೆ ಅದರ ಅರಿವೇ ಆಗಲಿಲ್ಲ. ಅವನು ಹುಡುಕುತ್ತಿದ್ದ, ಪ್ರಪಂಚ ಮುಟ್ಟದ ಜನಾಂಗ ಬೆಂಗಳೂರು-ಪುಣೆ ಹೆದ್ದಾರಿಯಿಂದ ಸರಿಯಾಗಿ ಇನ್ನೂರು ಹೆಜ್ಜೆ ದೂರದಲ್ಲಿ, ಕೈಯಲ್ಲಿ ಚೊಂಬು ಹಿಡಿದು ನಿಂತಿತ್ತು.

ಇಂಗ್ಲಿಷ್ ಬಲ್ಲವರು ಬೇಕಾದರು. ಹಟ್ಟಿಯಲ್ಲಿ ಇಂಗ್ಲಿಷ್ ಎಂದರೆ ನಿವೃತ್ತ ಪೋಸ್ಟ್ ಮಾಸ್ತರು ನಾಗಲಿಂಗಯ್ಯ. ಮೂವತ್ತೈದು ವರ್ಷ ತಂತಿ ಕಳಿಸಿ ಕಳಿಸಿ ಅವರ ಇಂಗ್ಲಿಷು ತಂತಿಯಂತೆಯೇ ಆಗಿತ್ತು. ಪ್ರತಿ ಪದಕ್ಕೂ ತಮ್ಮ ಜೇಬಿನಿಂದಲೇ ದುಡ್ಡು ಹೋಗುತ್ತದೆ ಎಂಬಂತೆ ಮೂರು ಪದ ದಾಟುತ್ತಿರಲಿಲ್ಲ. ಆ ಅಭ್ಯಾಸ ಕನ್ನಡಕ್ಕೂ ಸ್ವಲ್ಪ ಹತ್ತಿತ್ತು. ಛತ್ರಿ ಬಿಚ್ಚಿಕೊಂಡು ಬಂದು ಸಾಹೇಬನ ಪಕ್ಕ ನಿಂತರು. ಸಾಹೇಬ ಕೈಕಾಲು ಆಡಿಸುತ್ತ, ಆಕಾಶ ಭೂಮಿ ತೋರಿಸುತ್ತ ಕಾಲು ಗಂಟೆ ಮಾತಾಡಿದ.

"ನಿನ್ನ ಸಿನಿಮಾ ತೆಗೀತಾರಂತೆ," ಎಂದರು ನಾಗಲಿಂಗಯ್ಯ.

ಮುದ್ದಪ್ಪನ ಮೀಸೆಯ ಎರಡೂ ತುದಿಗಳು ತಾವಾಗಿಯೇ ಒಂದು ಗೇಣು ಮೇಲೇರಿದವು.

ಆದರೆ ಸಿನಿಮಾ ಶುರುವಾಗುವ ಮೊದಲು ಹಟ್ಟಿಯಿಂದ ಪ್ರಪಂಚವನ್ನು ಹೊರಗೆ ಹಾಕಬೇಕಾಗಿತ್ತು. ಮುದ್ದಪ್ಪನ ಟೆರಿಲಿನ್ ಶರ್ಟು ಬಿಚ್ಚಿಸಿದರು. ಕೈಗಡಿಯಾರ ಬಿಚ್ಚಿಸಿದರು. ಟ್ರಾನ್ಸಿಸ್ಟರನ್ನು ಹುಲ್ಲಿನ ಬಣವೆಯೊಳಗೆ ತುರುಕಿದರು, ಐದು ಸೈಕಲ್ಲುಗಳನ್ನು ಅದರ ಹಿಂದೆ ಮಲಗಿಸಿದರು. ಕರೆಂಟಿನ ಕಂಬಕ್ಕೆ ಜಾಲಿ ಕೊಂಬೆ ಕಟ್ಟಿ ಮರ ಮಾಡಿದರು. ಪಕ್ಕದ ಗೋಡೆಯ ಮೇಲೆ ಕುಟುಂಬ ಯೋಜನೆಯವರು ಬರೆಸಿಹೋಗಿದ್ದ ಕೆಂಪು ತ್ರಿಕೋನ ಸಾಹೇಬನ ಕಣ್ಣು ಕುಕ್ಕಿತು. ಭೀಮಕ್ಕ ಅದರ ಮೇಲೆ ಹದಿನಾರು ಬೆರಣಿ ತಟ್ಟಿ, ಸರಕಾರದ ಸಂದೇಶವನ್ನು ಸಗಣಿಯಲ್ಲಿ ಮುಚ್ಚಿದಳು.

ಏನನ್ನೂ ಬದಲಾಯಿಸದೆ ಸಾಹೇಬ ಒಪ್ಪಿಕೊಂಡದ್ದು ಪೂಜಾರಿ ಅಡವಯ್ಯನೊಬ್ಬನನ್ನು. ಹಟ್ಟಿಯ ದೇವರು ಗುಡ್ಡದಪ್ಪನನ್ನು ಪೂಜಿಸುತ್ತಿದ್ದ ಅಡವಯ್ಯನ ಮೈಮೇಲೆ ಅವನ ತಾತನ ಕಾಲದ ಕಂಬಳಿಯಿತ್ತು. ಅದರಲ್ಲಿ ಕಂಬಳಿಗಿಂತ ತೂತೇ ಜಾಸ್ತಿ. ಹೊದ್ದುಕೊಂಡರೆ ಮೊದಲಿಗಿಂತ ಹೆಚ್ಚು ಚಳಿಯಾಗುತ್ತಿತ್ತು.

"ಮೂರು ವರ್ಸದಿಂದ ಕ್ಯಾತಮ್ಮನ್ನ ಎರಡು ಹಿಡಿ ಉಣ್ಣೆ ಕೇಳ್ತಾ ಇವ್ನಿ," ಎಂದು ಅಡವಯ್ಯ ಹಲ್ಲು ಕಟಕಟಿಸಿದ. "ಆವಮ್ಮ ನನ್ ಮಕಾನೂ ನೋಡಲ್ಲ, ದ್ಯಾವರ ಮಕಾನೂ ನೋಡಲ್ಲ."

ಸಾಹೇಬ ಆ ತೂತುಗಳ ಫೋಟೋವನ್ನೇ ಇಪ್ಪತ್ತು ತೆಗೆದ. ಆಮೇಲೆ ಕುರಿಗಳ ಕಡೆ ತಿರುಗಿ ಎರಡು ಬೆರಳುಗಳನ್ನು ಕತ್ತರಿಯ ಹಾಗೆ ಆಡಿಸಿದ.

"ಉಣ್ಣೆ ಕತ್ತರಿಸಬೇಕಂತೆ," ಎಂದರು ನಾಗಲಿಂಗಯ್ಯ.

ಮುದ್ದಪ್ಪನ ಮೀಸೆ ಇಳಿಯಿತು. "ಸ್ವಾಮಿ, ಅದೊಂದ್ ಆಗಾಕಿಲ್ಲ ಅನ್ನಿ. ಕುರಿ ನಂದಲ್ಲ, ನನ್ ಹೆಂಡ್ರದು. ಕತ್ರಿ ಮುಟ್ಟಿದ್ರೆ ತವರಿಗೆ ಹೊಂಟೋಯ್ತೀನಿ ಅಂತ ಹೇಳಿ ಹೋಗವ್ಳೆ. ಹೋದ್ ವರ್ಸ ಮೂರು ಕುರಿಗೇ ನನ್ನ ಮೂರು ದಿನ ರೊಪ್ಪದಲ್ಲಿ ಮಲಗ್ಸಿದ್ಳು. ಬೇಕಾದ್ರೆ ಹಾಲು ಕರೀತೀನಿ, ಕೊಳಲು ಊದ್ತೀನಿ, ಬೆಟ್ಟ ಹತ್ತು ಅಂದ್ರೆ ಹತ್ತೀನಿ, ಉಣ್ಣೆ ಮಾತ್ರ ಬ್ಯಾಡ ಅಂತ ಬುಡಿಸಿ ಹೇಳಿ."

ನಾಗಲಿಂಗಯ್ಯ ಸಾಹೇಬನಿಗೆ ಹೇಳಿದರು, "ವೈಫ್ಸ್ ಶೀಪ್. ಓಕೆ."

ಸಾಹೇಬ ಆನಂದದಿಂದ ಮತ್ತೆ ಕಾಲು ಗಂಟೆ ಮಾತಾಡಿದ. ನಾಗಲಿಂಗಯ್ಯ ಅದನ್ನು ಇಳಿಸಿ ಹೇಳಿದ್ದು ಇಷ್ಟು: "ಒಂದೇ ಕುರಿಯಂತೆ. ನಿನ್ನ ಮೀಸೆ ಫೋಟೋ ಬಾಗಿಲಷ್ಟು ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕಳಿಸ್ತಾರಂತೆ."

ಬಾಗಿಲಷ್ಟು ದೊಡ್ಡ ಮೀಸೆ. ಮುದ್ದಪ್ಪ ತನ್ನ ಮನೆಯ ಬಾಗಿಲನ್ನು ನೋಡಿದ, ಮೀಸೆ ಮುಟ್ಟಿಕೊಂಡ. ನಲವತ್ತರಲ್ಲಿ ಒಂದು ಕುರಿ ತಾನೆ. ಕತ್ತರಿಸಿದ್ದನ್ನು ಮಂದೆಯ ಮಧ್ಯಕ್ಕೆ ತಳ್ಳಿದರೆ ಕ್ಯಾತಮ್ಮನ ಕಣ್ಣಿಗೆ ಎಲ್ಲಿ ಬೀಳುತ್ತದೆ? ಮಾಡಿನಿಂದ ಕತ್ತರಿ ಇಳಿಸಿದ.

ಕುರಿಯನ್ನು ಕೆಡವಿಕೊಂಡು, ಕಾಲು ಕಟ್ಟಿ, ಕುತ್ತಿಗೆಯಿಂದ ಶುರು ಮಾಡಿದ. ಕತ್ತರಿ ಹಿಡಿದರೆ ಮುದ್ದಪ್ಪನಂಥವನು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಉಣ್ಣೆ ಹಾಲಿನ ಕೆನೆಯ ಹಾಗೆ ಒಂದೇ ಪದರವಾಗಿ ಎದ್ದು ಬಂತು. ಕುರಿಗೂ ನಿದ್ದೆ ಹತ್ತಿತು. ಕ್ಯಾಮೆರಾ ಗರ್ರೆನ್ನುತ್ತಿತ್ತು. ಮುನೀರ್ ಉದ್ದನೆಯ ಕೋಲಿನ ತುದಿಗೆ ಮೈಕು ಕಟ್ಟಿ ಹಿಡಿದು ನಿಂತಿದ್ದ. ಒಂದು ಮಗ್ಗಲಿನಲ್ಲಿ ಇನ್ನು ಬೆನ್ನಿನ ಹತ್ತಿರ ನಾಲ್ಕು ಬೆರಳಷ್ಟು ಉಳಿದಿತ್ತು. ಆಗ ಹೆದ್ದಾರಿಯಲ್ಲಿ ಈರುಳ್ಳಿ ಲಾರಿಯೊಂದು, ದಾವಣಗೆರೆಯಲ್ಲಿದ್ದವರಿಗೂ ಕೇಳುವಂತೆ ಹಾರ್ನ್ ಹೊಡೆಯಿತು.

ಸಾಹೇಬ ಕ್ಯಾಮೆರಾದಿಂದ ತಲೆ ಎತ್ತಿ ಒಂದು ಬೆರಳು ತೋರಿಸಿದ. "ಒನ್ ಮೋರ್."

"ಇನ್ನೊಂದು," ಎಂದರು ನಾಗಲಿಂಗಯ್ಯ.

"ಇನ್ನೊಂದು ಏನು?"

"ಕುರಿ."

ಮುದ್ದಪ್ಪ ಕುರಿಯನ್ನು ಹೊರಳಿಸಿ ತೋರಿಸಿದ. "ಇದರಲ್ಲೇ ಆ ಮಗ್ಗಲು ಉಳ್ದೈತಲ್ಲ ಸ್ವಾಮಿ, ಅದ್ನೇ ತಗೊಳ್ಲಿ."

ಆಗದಂತೆ. ಉಣ್ಣೆ ತುಂಬಿದ ಕುರಿಯ ಕುತ್ತಿಗೆಗೆ ಕತ್ತರಿ ಇಡುವ ಕಡೆಯಿಂದಲೇ ಚಿತ್ರ ಶುರುವಾಗಬೇಕಂತೆ. ಅರ್ಧ ಬೋಳಾದ ಕುರಿ ಮತ್ತೆ ಉಣ್ಣೆ ಹೊದ್ದು ಬಂದು ಮಲಗುವುದಿಲ್ಲವಲ್ಲ. ಸಿನಿಮಾದವರಿಗೆ ತಪ್ಪಾದರೆ ಇನ್ನೊಂದು ಸಲ ತೆಗೆಯುವ ಪದ್ಧತಿ. ಕುರಿಗೆ ವರ್ಷಕ್ಕೆ ಎರಡೇ ಸಲ ಕೊಡುವ ಪದ್ಧತಿ. ಈ ಎರಡು ಪದ್ಧತಿಗಳು ಕರೇಕಲ್ಲಹಟ್ಟಿಯಲ್ಲಿ ಮೊದಲ ಸಲ ಭೇಟಿಯಾಗಿದ್ದವು.

ಹಟ್ಟಿಯದು ಮೂರನೆಯ ಪದ್ಧತಿ. ಅರ್ಧ ಕತ್ತರಿಸಿದ ಕುರಿ ಯಾವ ಕಾರಣಕ್ಕೂ ರೊಪ್ಪದೊಳಕ್ಕೆ ಹೋಗಕೂಡದು. ಹೋದರೆ ಇಡೀ ಮಂದೆಗೆ ಕಜ್ಜಿ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಸಾಹೇಬ ಬಿಟ್ಟ ಕುರಿಯನ್ನು ಭೀಮಕ್ಕ ಎಳೆದುಕೊಂಡು ಹೋಗಿ, ತನ್ನ ಮನೆಯ ಕತ್ತರಿ ತಂದು, ಯಾರೂ ಹೇಳದೆಯೇ ಉಳಿದದ್ದನ್ನು ಕತ್ತರಿಸಿ ಮುಗಿಸಿದಳು.

"ನೀನು ಸಿನ್ಮಾ ನೋಡ್ಕಳ್ಲಾ ಮುದ್ದ," ಎಂದಳು. "ಹಿಂದಿನ ಕೆಲ್ಸಕ್ಕೆ ನಾನಿವ್ನಿ."

ಎರಡನೆಯ ಕುರಿ ಬಂತು. ಮೊದಲನೆಯದರಲ್ಲಿ ಕ್ಯಾಮೆರಾ ಓಡುತ್ತಿತ್ತೆಂಬುದು ಮುದ್ದಪ್ಪನಿಗೆ ಮರೆತೇಹೋಗಿತ್ತು. ಈಗ ನೆನಪಿತ್ತು. ಮದುವೆಯಲ್ಲಿ ಶಿರಾದ ಸ್ಟುಡಿಯೋದವನು ಅವನಿಗೆ ಫೋಟೋ ತೆಗೆಸಿಕೊಳ್ಳುವ ವಿದ್ಯೆ ಕಲಿಸಿದ್ದ: ಕಣ್ಣು ಮಿಟುಕಿಸಬಾರದು, ಉಸಿರು ಬಿಡಬಾರದು. ಮುದ್ದಪ್ಪ ಕತ್ತರಿ ಬಾಯಿ ತೆರೆದು ಹಿಡಿದು, ಎದೆ ಉಬ್ಬಿಸಿ, ವೀರಗಲ್ಲಿನ ಹಾಗೆ ಕೂತುಬಿಟ್ಟ. ಕುರಿಯೂ ಅವನ ಮುಖವನ್ನೇ ನೋಡಿತು. ಅವನು ನೀಲಿಗಟ್ಟುವ ಹೊತ್ತಿಗೆ ಸಾಹೇಬ ಕ್ಯಾಮೆರಾ ನಿಲ್ಲಿಸಿದ. ನಾಲ್ಕು ಎಳೆ ಮಾತ್ರ ತುಂಡಾಗಿದ್ದವು. ಆದರೆ ಕತ್ತರಿ ಮುಟ್ಟಿದ ಮೇಲೆ ಮುಟ್ಟಿದಂತೆಯೇ ಎಂದು ಭೀಮಕ್ಕ ಅದನ್ನೂ ಎಳೆದುಕೊಂಡು ಹೋದಳು.

"ಅವರು ಇಲ್ಲ ಅಂದ್ಕೋಬೇಕಂತೆ," ಎಂದು ನಾಗಲಿಂಗಯ್ಯ ಸಾಹೇಬನ ಸಲಹೆ ದಾಟಿಸಿದರು.

"ಅವ್ರು ಇಲ್ಲ ಅಂದ್ಕಂಡ್ರೆ ನಾನ್ಯಾಕೆ ಸ್ವಾಮಿ ಉಣ್ಣೆ ಕತ್ತರಿಸ್ಲಿ?"

ಸಾಹೇಬ ಮೂರನೆಯ ಕುರಿಯ ಕಡೆ ಬೆರಳು ತೋರಿಸಿದ.

ಆಮೇಲಿನದು ಯುದ್ಧ. ಐದನೆಯ ಕುರಿಯ ಹೊತ್ತಿಗೆ ಎಕ್ಸ್‌ಪ್ರೆಸ್ ಬಸ್ಸೊಂದು ನಿಂತು, ಐವತ್ತೆರಡು ಜನ ಇಳಿದು ಬಂದು ಬೇಲಿಯ ಮೇಲಿಂದ ಇಣುಕಿದರು. ಕಂಡಕ್ಟರು ಗಟ್ಟಿಯಾಗಿ, "ಯಾರಪ್ಪ ಸತ್ತಿದ್ದು?" ಎಂದು ಕೇಳಿದ, ಅದೂ ಮೈಕಿಗೆ ಬಿತ್ತು. ಎಂಟನೆಯದಕ್ಕೆ ಸರಿಯಾಗಿ ಭೀಮಕ್ಕ ಮಗಳ ಮದುವೆಯ ರೇಷ್ಮೆ ಸೀರೆ ಉಟ್ಟು, ಏನೂ ತಿಳಿಯದವಳಂತೆ ಕ್ಯಾಮೆರಾದ ಮುಂದೆ ಮೂರು ಸಲ ಓಡಾಡಿದಳು. ಹನ್ನೊಂದನೆಯದರಲ್ಲಿ ಮೈಕಿನ ತಂತಿ ಮೀಸೆಯ ಎಡದ ತುದಿಗೆ ಸುತ್ತಿಕೊಂಡಿತು.

"ಅರೆ ಮುದ್ದಪ್ಪಣ್ಣ, ಅಲುಗಾಡ್ಬೇಡಿ, ಎಳೆದ್ರೆ ಮೈಕು ಕಿತ್ಕೊಂಡ್ ಬರ್ತದೆ," ಎಂದ ಮುನೀರ್. ಅವನಿಗೆ ಮೀಸೆಯ ಚಿಂತೆ ಇರಲಿಲ್ಲ.

ನಾಗಲಿಂಗಯ್ಯನವರ ಛತ್ರಿಯ ನೆರಳಿಗೆ ಎರಡು ಕುರಿ ಹೋದವು. ಎಲ್ಲ ಸರಿಯಾಗಿ ಸಾಗಿದ್ದ ಹದಿನೆಂಟನೆಯ ಕುರಿಯ ನಡುಬೆನ್ನಿನಲ್ಲಿ, ಆರಿಸುವುದನ್ನು ಮರೆತಿದ್ದ ಟ್ರಾನ್ಸಿಸ್ಟರು ಹುಲ್ಲಿನ ಬಣವೆಯೊಳಗಿಂದ ಕೃಷಿಕರಿಗೆ ನಮಸ್ಕಾರ ಹೇಳಿ, ಶೇಂಗಾಕ್ಕೆ ಬೀಳುವ ಹುಳುವಿನ ಬಗ್ಗೆ ಮಾತಾಡತೊಡಗಿತು. ಸಾಹೇಬ ಟೋಪಿ ತೆಗೆದು ನೆಲಕ್ಕೆ ಹೊಡೆದ. ಆ ಟೋಪಿಯನ್ನು ಹತ್ತೊಂಬತ್ತನೆಯ ಕುರಿ ತಿಂದಿತು.

ಮುದ್ದಪ್ಪನಿಗೆ ಈಗ ಒಂದೇ ಲೆಕ್ಕ. ಬೋಳು ಕುರಿಗಳನ್ನು ಮಂದೆಯ ಮಧ್ಯಕ್ಕೆ ತಳ್ಳಿ ಮುಚ್ಚಿಡುತ್ತ ಬಂದಿದ್ದ. ಹತ್ತರ ತನಕ ಮಂದೆ ಮಂದೆಯಾಗಿಯೇ ಕಾಣುತ್ತಿತ್ತು. ಇಪ್ಪತ್ತಾದಾಗ ಒಳಗಿನವೂ ಹೊರಗಿನವೂ ಸಮನಾದವು. ಮೂವತ್ತಾದಾಗ ಉಣ್ಣೆ ಇದ್ದ ಹತ್ತನ್ನು ಸುತ್ತ ಬೇಲಿಯಂತೆ ನಿಲ್ಲಿಸಲು ನೋಡಿದ. ಅವು ಚದುರಿ, ಅಂಗಿ ಕಳಚಿದ ಅಕ್ಕತಂಗಿಯರನ್ನು ಮೂಸಿ ನೋಡಿ ದೂರ ಸರಿದವು. ಹಟ್ಟಿಯಲ್ಲಿದ್ದ ಕತ್ತರಿಗಳೆಲ್ಲ ಹೊರಬಿದ್ದಿದ್ದವು. ಉಣ್ಣೆಯ ಗುಡ್ಡೆ ಮನೆಯ ಮಾಡಿನ ತನಕ ಬೆಳೆದಿತ್ತು. ಅದರ ಪಕ್ಕದಲ್ಲಿ ಅಡವಯ್ಯ ಚಳಿ ಕಾಯಿಸುವವನ ಹಾಗೆ ಎರಡೂ ಕೈ ಚಾಚಿಕೊಂಡು ಕೂತಿದ್ದ.

"ಸ್ವಾಮಿ," ಮುದ್ದಪ್ಪ ನಾಗಲಿಂಗಯ್ಯನವರ ಕಾಲಿಗೆ ಬಿದ್ದ. "ಸಾಕು ಅನ್ನಿ. ಸಂಜೆ ಬಸ್ಸಿಗೆ ಅವ್ಳು ಬತ್ತಾಳೆ. ಈ ಮಂದೆ ನೋಡಿದ್ರೆ ನನ್ನ ಬದುಕ್ಸಲ್ಲ. ನಿಮ್ ಸಾಹೇಬನ್ಗೂ ಹೆಂಡ್ರು ಇದ್ರೆ ಅರ್ಥ ಆಯ್ತದೆ, ಹೇಳಿ."

ನಾಗಲಿಂಗಯ್ಯ ಮನಸ್ಸಿನಲ್ಲೇ ಪದಗಳನ್ನು ಎಣಿಸಿದರು. "ವೈಫ್ ಕಮಿಂಗ್ ಈವನಿಂಗ್," ಎಂದು ಹೇಳಿ ಮುಗಿಸಿದರು.

ಹೆಂಡತಿಯೂ ಚಿತ್ರಕ್ಕೆ ಸಿಗುತ್ತಾಳೆಂದು ಸಾಹೇಬ ಮುದ್ದಪ್ಪನ ಕೈ ಕುಲುಕಿದ.

ನಲವತ್ತನೆಯದು ಕರಿಯ. ಕ್ಯಾತಮ್ಮ ರೊಟ್ಟಿ ಕೊಟ್ಟು ಸಾಕಿದ್ದ ಟಗರು. ಅದು ತನ್ನ ಮೂವತ್ತೊಂಬತ್ತು ಬಂಧುಗಳ ಗತಿಯನ್ನು ಬೆಳಗ್ಗಿನಿಂದ ನೋಡುತ್ತ ನಿಂತಿತ್ತು. ಅರ್ಧ ಮೈ ಕತ್ತರಿಸುವ ತನಕ ತಾಳ್ಮೆ ತೋರಿಸಿ, ಆಮೇಲೆ ಕಟ್ಟು ಬಿಚ್ಚಿಕೊಂಡು ಎದ್ದು, ಹತ್ತು ಹೆಜ್ಜೆ ಹಿಂದೆ ಸರಿದು ಬಂದು ಮುನೀರನಿಗೆ ಗುದ್ದಿತು. ಮುನೀರ್ ಮೈಕಿನ ಸಮೇತ ಉಣ್ಣೆಯ ಗುಡ್ಡೆಯೊಳಗೆ ಮಾಯವಾದ. ಕೋಲಿನ ತುದಿ ಮಾತ್ರ ಹೊರಗೆ ಕಾಣುತ್ತಿತ್ತು.

ಸಾಹೇಬ ಕ್ಯಾಮೆರಾ ಆರಿಸಿ, ಬೆವರು ಒರೆಸಿಕೊಂಡು, ತೃಪ್ತಿಯಿಂದ ಒಂದಷ್ಟು ಹೊತ್ತು ಮಾತಾಡಿದ.

"ಮೊದಲನೇದೇ ಚೆನ್ನಾಗಿತ್ತಂತೆ," ಎಂದರು ನಾಗಲಿಂಗಯ್ಯ.

"ಯಾವ ಮೊದಲ್ನೇದು?"

"ಮೊದಲನೇ ಕುರಿ. ಲಾರಿ ಸದ್ದು ತೆಗೆದಾಕಬಹುದಂತೆ."

ಮುದ್ದಪ್ಪ ಕತ್ತರಿ ಕೆಳಗಿಟ್ಟು ಅಲ್ಲೇ ಕೂತ. ಭೀಮಕ್ಕ ಕರಿಯನ ಉಳಿದರ್ಧ ಮುಗಿಸಿ ಕೈ ಒರೆಸಿಕೊಂಡಳು. ನಲವತ್ತು ಕುರಿಗಳು ಒಂದಕ್ಕೊಂದು ಅಂಟಿಕೊಂಡು, ಮಳೆಯಲ್ಲಿ ನೆನೆದ ಶಾಲೆಯ ಮಕ್ಕಳ ಹಾಗೆ ನಡುಗುತ್ತಿದ್ದವು. ಹೊತ್ತು ನಾಲ್ಕೂವರೆ. ಬಸ್ಸು ಐದೂವರೆಗೆ.

"ಓಡೋಗ್ಬುಡ್ಲಾ," ಎಂದು ಭೀಮಕ್ಕ ಸಲಹೆ ಕೊಟ್ಟಳು.

"ಎಲ್ಲಿಗೆ ಓಡೋನು? ಈ ಮೀಸೆ ಇಟ್ಕಂಡು ಎಲ್ಲಿ ಅಡಗ್ಕಳ್ಳೋದು?"

ಆಗ ಅಡವಯ್ಯ ಉಣ್ಣೆಯ ಗುಡ್ಡೆಯ ಪಕ್ಕದಿಂದ ಎದ್ದು ಬಂದ. ಅವನ ಮುಖದಲ್ಲಿ ಅಪಾರವಾದ ಕರುಣೆಯಿತ್ತು.

"ಮುದ್ದಣ್ಣ, ಸಾಹೇಬ ಕೇಳ್ದ ಅಂದ್ರೆ ಅವ್ಳು ಬುಡಲ್ಲ. ಗುಡ್ಡದಪ್ಪ ಕೇಳ್ದ ಅಂದ್ರೆ?"

"ಅಂದ್ರೆ?"

"ಬೆಳಗಿನ ಜಾವ ಕನಸಲ್ಲಿ ಬಂದ, ನಲವತ್ತು ಕುರಿದೂ ಮುಡಿ ಕೊಡು ಅಂದ, ಕೊಟ್ಟೆ ಅನ್ನು. ದ್ಯಾವರ ಮ್ಯಾಲೆ ಕ್ಯಾತಮ್ಮನೂ ಬಾಯಿ ಮಾಡಾಕಾಗಲ್ಲ. ತವರಿಗೂ ಹೋಗಲ್ಲ. ನಾನೇ ಸಾಕ್ಷಿ ಹೇಳ್ತೀನಿ."

ಮುದ್ದಪ್ಪನ ಕಣ್ಣಲ್ಲಿ ನೀರು ಬಂತು. ಮೂರು ವರ್ಷ ಎರಡು ಹಿಡಿ ಉಣ್ಣೆ ಕೊಡದ ಮನೆಗೆ ಈ ಮನುಷ್ಯ ಇಷ್ಟು ದೊಡ್ಡ ಉಪಕಾರ ಮಾಡುತ್ತಿದ್ದಾನಲ್ಲ. ಭೀಮಕ್ಕ ಮಾತ್ರ ತಲೆ ಕೊಡವಿದಳು.

"ನಂಬಲ್ಲ ಕಣ್ಲಾ. ಮನೆ ಯಜಮಾನ ಮುಡಿ ಕೊಡ್ದೆ ಬರೀ ಕುರಿ ಮುಡಿ ಯಾವ ದ್ಯಾವರು ತಗಂತಾನೆ? ನೀನೂ ಕೊಡ್ಬೇಕು."

"ನನ್ ತಲೇಲಿ ಏನೈತೆ ಕೊಡಾಕೆ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಮುದ್ದಪ್ಪನಿಗೆ ಹಟ್ಟಿಯವರೆಲ್ಲ ತನ್ನ ಮುಖದ ಯಾವ ಭಾಗವನ್ನು ನೋಡುತ್ತಿದ್ದಾರೆಂಬುದು ತಿಳಿಯಿತು. ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ. ದೂರದಲ್ಲಿ ಒಂದು ಬಸ್ಸಿನ ಸದ್ದಾಯಿತು. ಅದು ಶಿರಾ ಬಸ್ಸಲ್ಲ. ಆದರೂ ಕೈಗಳು ತಾವಾಗಿಯೇ ಕೆಳಗಿಳಿದವು. ಕ್ಯಾತಮ್ಮ ಹೋದರೆ ಕುರಿಯೂ ಇಲ್ಲ, ಮುದ್ದೆಯೂ ಇಲ್ಲ. ಮೀಸೆ ಮತ್ತೆ ಬೆಳೆದೀತು.

ಅರಿಶಿನದ ನೀರು ಚಿಮುಕಿಸಿದರು. ಗುಡ್ಡದಪ್ಪನ ಕಲ್ಲಿನ ಮುಂದೆ, ಕುರಿ ಕತ್ತರಿಯಲ್ಲೇ, ಭೀಮಕ್ಕನ ಕೈಯಿಂದಲೇ ಕೆಲಸವಾಯಿತು. ಎಡಗಡೆ ಕಚಕ್, ಬಲಗಡೆ ಕಚಕ್. ಆ ಹೊತ್ತಿಗೆ ಹೆದ್ದಾರಿಯಲ್ಲಿ ಒಂದು ಲಾರಿಯೂ ಕೂಗಲಿಲ್ಲ, ಒಂದು ನಾಯಿಯೂ ಬೊಗಳಲಿಲ್ಲ, ನಾಗಲಿಂಗಯ್ಯನವರ ಛತ್ರಿಯೂ ಮಡಚಿಕೊಂಡಿತ್ತು. ಸಾಹೇಬ ಮಂಡಿಯೂರಿ ಕೂತು ಇಡೀ ದೃಶ್ಯವನ್ನು ಒಂದೇ ಟೇಕಿಗೆ ತೆಗೆದುಕೊಂಡ. ಮೂವತ್ತು ವರ್ಷಗಳ ಸಂಶೋಧನೆಯಲ್ಲಿ ಇಂಥ ಅಪ್ಪಟ ಆಚರಣೆ ತನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದು ಅವನು ಅತ್ತೇಬಿಟ್ಟ. ಹಟ್ಟಿಯ ಕಣ್ಣಿಗೂ ಬಿದ್ದಿರಲಿಲ್ಲ.

ಐದೂವರೆಗೆ ಶಿರಾ ಬಸ್ಸಿನಿಂದ ಕ್ಯಾತಮ್ಮ ಇಳಿದಳು. ಸಾಹೇಬ ಕ್ಯಾಮೆರಾ ತಿರುಗಿಸಿ ಕಾದಿದ್ದ. ಅವಳು ಬೇವಿನ ಮರ ದಾಟುವ ಮೊದಲೇ ಮುದ್ದಪ್ಪ ಓಡಿಹೋಗಿ ಎದುರು ನಿಂತು, ಇಡೀ ಹಟ್ಟಿಗೆ ಕೇಳುವಂತೆ ಒಂದೇ ಉಸಿರಿಗೆ ಒದರಿದ. "ಗುಡ್ಡದಪ್ಪ ಕನಸಲ್ಲಿ ಬಂದಿದ್ದ ಕಣಮ್ಮಿ, ನಲವತ್ತು ಕುರಿ ಮುಡಿ ಕೇಳ್ದ, ಅಷ್ಟೂ ಉಣ್ಣೆ ಅವನಿಗೇ ಅಂತ ಬುಟ್ಬುಟ್ಟೆ, ನನ್ದೂ ಕೊಟ್ಟೆ."

ಕ್ಯಾತಮ್ಮ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಯಾರಪ್ಪ ನೀನು? ನಮ್ಮನೆಯೋನು ಎಲ್ಲಿ?"

"ನಾನೇ ಕಣಮ್ಮಿ."

ಅವಳು ದನಿಯನ್ನು ಗುರುತು ಹಿಡಿದಳು. ಆಮೇಲೆ ಅವನ ಹೆಗಲ ಮೇಲಿಂದ ಮಂದೆಯನ್ನು ಕಂಡಳು. ಚೀಲ ಕೈಯಿಂದ ಜಾರಿತು. ಮುದ್ದಪ್ಪ ಕಣ್ಣು ಮುಚ್ಚಿದ. ಬೈಗುಳ ಬರಲಿಲ್ಲ. ಒಂದು ಕಣ್ಣು ತೆರೆದು ನೋಡಿದರೆ ಕ್ಯಾತಮ್ಮನ ಮುಖ ಅರಳಿತ್ತು.

"ಅಯ್ಯೋ ನನ್ನಪ್ಪ, ಇಂಗೆ ಮಾಡಿದ್ಯಾ," ಎಂದಳು. "ಅಣ್ಣಂಗೆ ಪಾವಗಡದೋರು ಕಂಬಳಿ ಕೇಳವ್ರೆ. ಮಗ್ಗ ಖಾಲಿ ಕೂತೈತೆ, ಎಳೆ ಗಿಡ್ಡ ಆದ್ರೂ ಸರಿ, ನಾಳೆ ಬೆಳಗ್ಗೆ ಉಣ್ಣೆ ಬೇಕು, ಬಂಡಿ ಕಳಿಸ್ತೀನಿ ಅಂದ. ಹೂಂ ಅಂತ ಮಾತು ಕೊಟ್ಬುಟ್ಟೆ. ಒಂದ್ ದಿನಕ್ಕೆ ನಲವತ್ತು ಕುರಿ ನನ್ ಗಂಡನ ಕೈಲಿ ಎಲ್ಲಾಗ್ತೈತೆ ಅಂತ ಬಸ್ಸಲ್ಲಿ ಅಳ್ತಾ ಬಂದೆ ಕಣಯ್ಯ."

ಮುದ್ದಪ್ಪ ಉಣ್ಣೆಯ ಗುಡ್ಡೆಯ ಕಡೆ ಕೈ ತೋರಿಸಿದ. "ಹಂಗಾರೆ ತಗಂಡೋಗು. ಎಲ್ಲಾ ತಗಂಡೋಗು. ಗುಡ್ಡದಪ್ಪ ಬಂದಿರ್ಲಿಲ್ಲ, ಕನಸೂ ಬಿದ್ದಿರ್ಲಿಲ್ಲ. ಆ ಸಾಹೇಬ್ರು..."

"ಮುದ್ದಣ್ಣ," ಎಂದ ಅಡವಯ್ಯ.

ಎಲ್ಲರೂ ತಿರುಗಿ ನೋಡಿದರು. ಎಲ್ಲರೂ ಬಸ್ಸಿನ ದಾರಿ ನೋಡುವಷ್ಟರಲ್ಲಿ ಉಣ್ಣೆಯ ಗುಡ್ಡೆ ಇದ್ದ ಜಾಗ ಖಾಲಿಯಾಗಿತ್ತು. ಗುಡ್ಡದಪ್ಪನ ಗುಡಿಯ ಜಗಲಿಯ ಮೇಲೆ ಅರಿಶಿನ ಕುಂಕುಮ ಹಚ್ಚಿದ ಹನ್ನೆರಡು ಮೂಟೆಗಳು ಸಾಲಾಗಿ ನಿಂತಿದ್ದವು. ಒಂದರ ಮುಂದೆ ದೀಪವೂ ಉರಿಯುತ್ತಿತ್ತು.

"ಹಟ್ಟಿ ಮುಂದೆ ಈಗಿನ್ನೂ ಹೇಳ್ದೆ. ದ್ಯಾವರಿಗೆ ಅಂತ ಬಾಯಲ್ಲಿ ಬಂದಿದ್ದು ದ್ಯಾವರದು. ವಾಪಸ್ ತಗಂಡ್ರೆ ನಿನಗಲ್ಲ, ಇಡೀ ಹಟ್ಟಿಗೆ ಕೇಡು."

"ಅದು ಹೌದು ಕಣಮ್ಮ," ಎಂದಳು ಭೀಮಕ್ಕ ಬೇಸರ ತೋರಿಸುತ್ತ; ಹುಟ್ಟಿದಾಗಿನಿಂದ ಇದಕ್ಕಿಂತ ಒಳ್ಳೆಯ ದಿನ ಅವಳಿಗೆ ಸಿಕ್ಕಿರಲಿಲ್ಲ. "ಮೀಸೆ ಬ್ಯಾರೆ ಕೊಟ್ಟವ್ನೆ." ಹಟ್ಟಿಯ ಹಿರಿಯರೆಲ್ಲ ತಲೆ ಆಡಿಸಿದರು. ಗುಡ್ಡದಪ್ಪನಿಗೆ ಚಳಿಯಾಗುವುದಿಲ್ಲವಾದ್ದರಿಂದ ಉಣ್ಣೆಯನ್ನು ಅವನ ಪರವಾಗಿ ಯಾರು ಹೊದೆಯುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಅಡವಯ್ಯ ಹಳೆಯ ಕಂಬಳಿಯನ್ನು ಆಗಲೇ ನಾಯಿಗೆ ಹಾಸಿದ್ದ.

ಕ್ಯಾತಮ್ಮ ಚೀಲವನ್ನು ಮತ್ತೆ ಕೈಗೆತ್ತಿಕೊಂಡಳು. ಮೆಲ್ಲಗೆ ಮಾತಾಡಿದಳು.

"ಬೆಳಗ್ಗೆ ಬಂಡಿ ಬರ್ತೈತೆ. ಉಣ್ಣೆ ಕೇಳಿದ್ರೆ ಅಣ್ಣಂಗೆ ಏನ್ ತೋರಿಸ್ಲಿ? ನಿನ್ ಬೋಳು ಮೂತಿ ತೋರಿಸ್ಲಾ? ಕುರಿ ಹೊಡ್ಕಂಡು ಆ ಬಂಡಿ ಹಿಂದೇನೇ ಹೊಂಟೋಯ್ತೀನಿ. ಮೀಸೆ ಮೇಯಿಸ್ಕಂಡಿರು ಅಂತ ಹೇಳಿದ್ದೆ. ಇನ್ಮ್ಯಾಲೆ ಅದ್ನೂ ಮೇಯಿಸಂಗಿಲ್ಲ."

ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು.

ಸಾಹೇಬ ಕ್ಯಾಮೆರಾದಿಂದ ತಲೆ ಎತ್ತಿ ಒಂದು ಬೆರಳು ತೋರಿಸಿದ. ಈಗ ಆ ಬೆರಳಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ನಾಗಲಿಂಗಯ್ಯನವರು ಆದರೂ ಹೇಳಿದರು. "ಇನ್ನೊಂದು ಸಲ ಬೈಬೇಕಂತಮ್ಮ."

ಕ್ಯಾತಮ್ಮ ಕ್ಯಾಮೆರಾ ನೋಡಿದಳು. ಅದರ ಹಿಂದಿದ್ದ ಬಿಳಿ ಮನುಷ್ಯನನ್ನು ನೋಡಿದಳು. "ಮೊದ್ಲಿಂದ್ಲಾ?"

"ಮೊದಲಿಂದಲೇ."

ಅವಳು ಸೆರಗು ಸರಿಮಾಡಿಕೊಂಡು ಬೇವಿನ ಮರದ ತನಕ ಹಿಂದಕ್ಕೆ ಹೋಗಿ, ಮತ್ತೆ ನಡೆದು ಬಂದು, ಮೊದಲಿಂದ ಶುರು ಮಾಡಿದಳು. ಇದಕ್ಕೆ ಕುರಿ ಖರ್ಚಾಗುವಂತಿರಲಿಲ್ಲ. ಎರಡನೆಯ ಸಲ ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಮೂರನೆಯದರಲ್ಲಿ ಮುದ್ದಪ್ಪನ ಅಪ್ಪ ಅಜ್ಜಂದಿರೂ ಸೇರಿಕೊಂಡರು. ಕತ್ತಲು ಕವಿಯುವ ಮೊದಲು ಹನ್ನೊಂದು ಸಲವಾಯಿತು. ಒಂದರಲ್ಲೂ ಅವಳು ತಡವರಿಸಲಿಲ್ಲ.

ಮುದ್ದಪ್ಪ ಬೋಳು ಕುರಿಗಳ ನಡುವೆ, ಅವುಗಳಲ್ಲಿ ಒಂದಾಗಿ ನಿಂತಿದ್ದ. ಕೊನೆಯ ಸಲ ಬೈಗುಳ ಮುಗಿದಾಗ ಅಭ್ಯಾಸದಂತೆ ಬಲಗೈ ಎತ್ತಿ ಮೂಗಿನ ಕೆಳಕ್ಕೆ ಒಯ್ದ. ಬೆರಳುಗಳು ಗಾಳಿಯನ್ನು ಒಂದು ಸುತ್ತು ತಿರುವಿ, ಏನೂ ಸಿಗದೆ, ಸುಮ್ಮನೆ ಕೆಳಗಿಳಿದವು.

ಸಾಹೇಬ ಏನೋ ಹೇಳಿದ.

"ಕೈ ಬಹಳ ಚೆನ್ನಾಗಿತ್ತಂತೆ ಕಣಪ್ಪ," ಎಂದರು ನಾಗಲಿಂಗಯ್ಯ. "ಇನ್ನೊಂದು ಸಲ."